25 ಮಿ.ಮೀ. ಪೈಪಿನ ಕಾರು: ಸಣ್ಣ ಶೆಡ್ಡಿನಲ್ಲಿ ಹಗುರ ರೇಸ್ ಕಾರು ಹುಟ್ಟುವುದು ಹೇಗೆ

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮದೊಂದು ವೆಲ್ಡಿಂಗ್ ಶೆಡ್ಡು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರು, ಅಡಿಕೆ ಬೇಯಿಸುವ ಹಂಡೆಗೆ ಸ್ಟ್ಯಾಂಡು, ಇದೇ ನಮ್ಮ ಕಸುಬು. ಟ್ರೇಲರ್ ಕಟ್ಟುವವರ ಕೈಗೆ ಒಂದು ಅಭ್ಯಾಸ ಹತ್ತಿಬಿಡುತ್ತದೆ. ಮೂರು ಟನ್ ಎಂದು ಹೇಳಿ ಮಾಡಿಸಿದವರು ಸುಗ್ಗಿಯಲ್ಲಿ ಐದು ಟನ್ ತುಂಬುತ್ತಾರೆ ಎಂಬುದು ಗೊತ್ತಿರುವುದರಿಂದ, ಎಲ್ಲಿ ಅನುಮಾನ ಬಂತೋ ಅಲ್ಲಿ ಇನ್ನೊಂದು ಚಾನಲ್ ಇಟ್ಟು ಬೆಸೆದುಬಿಡುತ್ತೇವೆ. ಅನುಮಾನಕ್ಕೆ ಕಬ್ಬಿಣವೇ ಮದ್ದು ಎಂದು ನಂಬಿಕೊಂಡು ನಾನು ಇಪ್ಪತ್ತು ವರ್ಷ ಕೆಲಸ ಮಾಡಿದ್ದೆ.

ಒಂದು ಸಂಜೆ ಎಂಜಿನಿಯರಿಂಗ್ ಓದುವ ನಾಲ್ಕು ಹುಡುಗರು, ಒಬ್ಬಳು ಹುಡುಗಿ ದೊಡ್ಡ ಡ್ರಾಯಿಂಗ್ ಸುತ್ತಿಕೊಂಡು ಬಂದರು. "ಅಣ್ಣಾ, ಫಾರ್ಮುಲಾ ಕಾರಿನ ಚಾಸಿ ಮಾಡ್ಕೊಡ್ತೀರಾ?" ಎಂದರು. ಚಾಸಿ ಎಂದರೆ ಕಾರಿನ ಭಾರವೆಲ್ಲ ಹೊರುವ ಪಂಜರ. ಅದರ ಪೈಪಿನ ಅಳತೆ ಕೇಳಿದೆ. ಹೊರಗಿನ ವ್ಯಾಸ 25 ಮಿಲಿಮೀಟರ್, ಗೋಡೆಯ ದಪ್ಪ ಹೆಚ್ಚಿನ ಕಡೆ ಒಂದೂಮುಕ್ಕಾಲು ಮಿಲಿಮೀಟರ್ ಎಂದರು. ಮನೆಯ ಮುಂದೆ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ನಾನು ಹಾಕುವ ಪೈಪು ಅದಕ್ಕಿಂತ ಏನೂ ಸಣ್ಣದಲ್ಲ. "ಇದರೊಳಗೆ ಮನುಷ್ಯ ಕೂತು ನೂರರ ಮೇಲೆ ಓಡಿಸ್ತಾನಾ? ಆಗಲ್ಲಪ್ಪ, ನನ್ನ ಕೈಯಲ್ಲಿ ಆಗಲ್ಲ" ಎಂದು ಕಳಿಸಿಬಿಟ್ಟೆ. ಮೂರು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಕಡ್ಡಿ, ದಾರ, ಲೆಕ್ಕದ ಹಾಳೆ ತಂದಿದ್ದರು. ಅವತ್ತು ಅವರು ನನಗೆ ತೋರಿಸಿದ್ದನ್ನೂ ಆಮೇಲೆ ಕೆಲಸ ಮಾಡುತ್ತ ನಾನು ಕಲಿತದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ. ನಮ್ಮಂಥ ಸಣ್ಣ ಶೆಡ್ಡಿನವರು ರೇಸ್ ಕಾರು ಕಟ್ಟಬಹುದೇ ಎಂದು ಕೇಳುವವರಿಗೆ ಇದರಲ್ಲಿ ಉತ್ತರ ಇದೆ.

ಫಾರ್ಮುಲಾ ಅಂದರೆ ಏನು

ಇಲ್ಲಿ ಫಾರ್ಮುಲಾ ಎಂಬುದು ಗಣಿತದ ಸೂತ್ರವಲ್ಲ, ನಿಯಮಗಳ ಕಟ್ಟು. ಎಂಜಿನ್ ಇಷ್ಟು ಸಿಸಿ ಮೀರಬಾರದು, ಚಕ್ರ ಮುಚ್ಚಿರಬಾರದು, ಒಬ್ಬರೇ ಕೂರಬೇಕು ಎಂದೆಲ್ಲ ಮೊದಲೇ ಬರೆದಿಟ್ಟು, ಆ ಬೇಲಿಯೊಳಗೆ ಯಾರು ಚೆನ್ನಾಗಿ ಕಟ್ಟುತ್ತಾರೆ ನೋಡೋಣ ಎನ್ನುವುದು. ಟಿವಿಯಲ್ಲಿ ಕಾಣುವ ಫಾರ್ಮುಲಾ ಒನ್ ಅಂಥ ಒಂದು ಕಟ್ಟು, ಅಷ್ಟೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಭಾಗಗಳಿಂದಲೇ ಕಟ್ಟಬೇಕೆಂಬ ಫಾರ್ಮುಲಾ ವೀ, 1967ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಫಾರ್ಮುಲಾ ಫೋರ್ಡ್, ನಮ್ಮ ದೇಶದ ಫಾರ್ಮುಲಾ ಮಾರುತಿ ಇವೆಲ್ಲ ಬೇರೆ ಬೇರೆ ಕಟ್ಟುಗಳು. ವಿದ್ಯಾರ್ಥಿಗಳಿಗೆಂದೇ ಇರುವ ಫಾರ್ಮುಲಾ ಎಸ್‌ಎಇ ಅಮೆರಿಕದಲ್ಲಿ 1981ರಲ್ಲಿ ಆರಂಭವಾಯಿತು. ಅದೇ ಬಗೆಯ ನಿಯಮ ಇಟ್ಟುಕೊಂಡು ನಮ್ಮಲ್ಲಿ ಸುಪ್ರಾ, ಫಾರ್ಮುಲಾ ಭಾರತ್ ಸ್ಪರ್ಧೆಗಳು ನಡೆಯುತ್ತವೆ. ನಮ್ಮ ಶೆಡ್ಡಿಗೆ ಬಂದ ಹುಡುಗರ ಡ್ರಾಯಿಂಗ್ ಈ ಕೊನೆಯ ಬಗೆಯದು.

ಆ ನಿಯಮಗಳಲ್ಲಿ ಒಂದನ್ನು ಕೇಳಿದಾಗ ನನ್ನ ತಲೆಯೊಳಗೆ ದೀಪ ಹತ್ತಿದ ಹಾಗಾಯಿತು. ಎಂಜಿನ್ 710 ಸಿಸಿ ಮೀರಬಾರದು ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಪೆಟ್ರೋಲ್ ಎಂಜಿನ್ ಒಳಕ್ಕೆ ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ಕಿರಿದಾದ ಗಂಟಲಿನ ಮೂಲಕ ಹೋಗಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಆ ಗಂಟಲಲ್ಲಿ ಗಾಳಿಯ ವೇಗ ಏರುತ್ತದೆ. ಆ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಷ್ಟೇ ಎಳೆದರೂ ಒಂದು ಹನಿ ಗಾಳಿಯೂ ಹೆಚ್ಚಿಗೆ ಬರುವುದಿಲ್ಲ. ಗಾಳಿ ಇಲ್ಲದಿದ್ದರೆ ಪೆಟ್ರೋಲ್ ಉರಿಯುವುದಿಲ್ಲ. ಅಂದರೆ ಎಷ್ಟು ದುಡ್ಡು ಸುರಿದರೂ ಶಕ್ತಿಗೆ ಒಂದು ಮಿತಿ ಬಿತ್ತು. ಆದರೆ ಅದೇ ನಿಯಮಪುಸ್ತಕದಲ್ಲಿ ಕಾರು ಇಂತಿಷ್ಟಾದರೂ ತೂಗಲೇಬೇಕು ಎಂಬ ಮಾತಿಲ್ಲ. ಶಕ್ತಿಯ ಬಾಗಿಲು ಮುಚ್ಚಿದೆ, ತೂಕದ ಬಾಗಿಲು ತೆರೆದಿದೆ. ದುಡ್ಡಿಲ್ಲದವರಿಗೂ ದಾರಿ ಇರುವುದು ಆ ಬಾಗಿಲಲ್ಲಿ.

ಲೆಕ್ಕ ಹಾಕಿ ನೋಡೋಣ. ಹಳೆಯ ಮಾರುತಿ 800 ಕಾರಿನ ತೂಕ ಸುಮಾರು 650 ಕೆ.ಜಿ., ಎಂಜಿನ್ 796 ಸಿಸಿ, ಶಕ್ತಿ 37 ಎಚ್‌ಪಿ. ಓಡಿಸುವವರ 70 ಕೆ.ಜಿ. ಸೇರಿಸಿದರೆ ಒಂದೊಂದು ಎಚ್‌ಪಿ ಹೊರುವ ಭಾರ ಹತ್ತೊಂಬತ್ತೂವರೆ ಕೆ.ಜಿ. ನಮ್ಮ ಹುಡುಗರ ಕಾರಿಗೆ ಹಾಕಿದ್ದು ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್. ಆ ಸಣ್ಣ ಗಂಟಲನ್ನು ಹಾಕಿದ ಮೇಲೆ 40 ಎಚ್‌ಪಿ ಸಿಕ್ಕಿತು ಎಂದುಕೊಳ್ಳಿ. ಕಾರು 220, ಓಡಿಸುವವರು 70, ಒಟ್ಟು 290 ಕೆ.ಜಿ. ಒಂದು ಎಚ್‌ಪಿಗೆ ಏಳೂಕಾಲು ಕೆ.ಜಿ. ಎಂಜಿನ್ ಅರ್ಧಕ್ಕಿಂತ ಚಿಕ್ಕದು, ಹೊರುವ ಪಾಲು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಇನ್ನೊಂದು ಮಾತನ್ನು ಎಷ್ಟೋ ಜನ ಗಮನಿಸುವುದಿಲ್ಲ. ಎಚ್‌ಪಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ. ತೂಕ ಇಳಿಸಿದರೆ ಓಡುವಾಗ, ನಿಲ್ಲುವಾಗ, ತಿರುಗುವಾಗ ಮೂರು ಕಡೆಯೂ ಲಾಭ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ 720 ಕೆ.ಜಿ. ಮಾರುತಿಯಲ್ಲಿ ಸುಮಾರು 278 ಕಿಲೋಜೂಲ್ ಚಲನೆಯ ಶಕ್ತಿ ತುಂಬಿರುತ್ತದೆ. ಬ್ರೇಕ್ ಒತ್ತಿದಾಗ ಅದೆಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಹೋಗಬೇಕು. 290 ಕೆ.ಜಿ. ಕಾರಿಗೆ ಅದು 112 ಮಾತ್ರ. ಹಾಗಾಗಿ ಬೈಕಿನ ಡಿಸ್ಕು, ಅದನ್ನು ಅದುಮಿ ಹಿಡಿಯುವ ಬೈಕಿನ ಕ್ಯಾಲಿಪರ್ ಸಾಕಾಗುತ್ತದೆ. ಬ್ರೇಕ್ ಚಿಕ್ಕದಾದರೆ ಚಕ್ರ ಚಿಕ್ಕದಾಗುತ್ತದೆ, ಚಕ್ರ ಚಿಕ್ಕದಾದರೆ ಅದನ್ನು ಹಿಡಿಯುವ ತೋಳು ತೆಳ್ಳಗಾಗುತ್ತದೆ, ತೋಳು ತೆಳ್ಳಗಾದರೆ ಚಾಸಿಗೆ ಬೀಳುವ ಭಾರ ಕಡಿಮೆಯಾಗುತ್ತದೆ. ಒಂದು ಕಡೆ ಇಳಿಸಿದ ಕೆ.ಜಿ. ಇನ್ನೊಂದು ಕಡೆ ಅರ್ಧ ಕೆ.ಜಿ.ಯನ್ನು ಕರೆದುಕೊಂಡು ಹೋಗುತ್ತದೆ. ಏರಿಸಿದರೂ ಹಾಗೆಯೇ, ಅದೂ ಒಂಟಿಯಾಗಿ ಬರುವುದಿಲ್ಲ. 2022ರ ನಿಯಮದಲ್ಲಿ ಫಾರ್ಮುಲಾ ಒನ್ ಕಾರು ಚಾಲಕರೂ ಸೇರಿ, ಇಂಧನ ಬಿಟ್ಟು, 798 ಕೆ.ಜಿ.ಗಿಂತ ಕಡಿಮೆ ಇರುವಂತಿರಲಿಲ್ಲ. ಅದು ಮಾರುತಿ 800ಕ್ಕಿಂತ ಭಾರ. ಆ ಲೋಕದ ಶಕ್ತಿಯೂ ದುಡ್ಡೂ ಬೇರೆ. ಹಗುರ ಕಾರಿನ ವಿದ್ಯೆ ನೋಡಬೇಕಾದರೆ ಸಣ್ಣವರ ಶೆಡ್ಡಿಗೇ ಬರಬೇಕು.

ಸರ್ಬಿಟನ್, ಕೊಯಮತ್ತೂರು

ಇದು ಹೊಸ ಮಾತೇನೂ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನ ಸರ್ಬಿಟನ್ ಎಂಬ ಊರಿನ ಗ್ಯಾರೇಜಿನಲ್ಲಿ ಚಾರ್ಲ್ಸ್ ಕೂಪರ್, ಮಗ ಜಾನ್ ಕೂಪರ್ ಸೇರಿ ಒಂದು ಕಾರು ಕಟ್ಟಿದರು. ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗ ಕತ್ತರಿಸಿ ಬೆನ್ನಿಗೆ ಬೆನ್ನು ಕೊಟ್ಟು ಬೆಸೆದರು. ಅದಕ್ಕೆ 500 ಸಿಸಿಯ ಜೆಎಪಿ ಮೋಟಾರ್ ಸೈಕಲ್ ಎಂಜಿನ್ ಇಟ್ಟರು. ಬೈಕಿನ ಎಂಜಿನ್ ಚೈನಿನಿಂದ ಚಕ್ರ ತಿರುಗಿಸುತ್ತದೆ. ಚೈನು ಉದ್ದ ಎಳೆದರೆ ಕಷ್ಟ. ಹಾಗಾಗಿ ಎಂಜಿನ್ ಅನ್ನು ಹಿಂದಿನ ಚಕ್ರದ ಹತ್ತಿರ, ಚಾಲಕರ ಬೆನ್ನ ಹಿಂದೆ ಇಟ್ಟರು. ಆ ಕಾಲದ ದೊಡ್ಡ ರೇಸ್ ಕಾರುಗಳೆಲ್ಲ ಎಂಜಿನ್ ಅನ್ನು ಮುಂದೆಯೇ ಇಟ್ಟುಕೊಂಡು ಓಡುತ್ತಿದ್ದವು.

ಚೈನಿನ ಅನುಕೂಲಕ್ಕೆ ಮಾಡಿದ ಆ ಕೆಲಸದಲ್ಲಿ ಇನ್ನೂ ದೊಡ್ಡ ಲಾಭ ಅಡಗಿತ್ತು. ಕಾವಡಿ ಹೊತ್ತವರನ್ನು ನೋಡಿ. ಎರಡು ತುದಿಯಲ್ಲಿ ಎರಡು ಕೊಡ ತೂಗುತ್ತಿದ್ದರೆ ತಿರುಗಲು ಹೊತ್ತು ಬೇಕು, ತಿರುಗಲು ಶುರು ಮಾಡಿದ ಮೇಲೆ ನಿಲ್ಲಲೂ ಹೊತ್ತು ಬೇಕು. ಅದೇ ಎರಡು ಕೊಡವನ್ನು ಎದೆಗವಚಿಕೊಂಡರೆ ಥಟ್ಟನೆ ತಿರುಗಬಹುದು. ತೂಕ ಎರಡೂ ಸಲ ಒಂದೇ, ತೂಕ ಇರುವ ಜಾಗ ಬೇರೆ. ಎಂಜಿನ್, ಚಾಲಕರು, ಪೆಟ್ರೋಲ್ ಟ್ಯಾಂಕು ಎಲ್ಲ ನಡುವಿಗೆ ಬಂದಾಗ ಕಾರು ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು ಬೇಡವಾದ್ದರಿಂದ ಚಾಲಕರನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಕೂರಿಸಬಹುದು. ಹೀಗೆ ಬೆಳೆದ ಕೂಪರ್ ಕಾರಿನಲ್ಲಿ ಜಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ವಿಶ್ವ ಚಾಂಪಿಯನ್‌ಷಿಪ್ ರೇಸುಗಳಲ್ಲಿ ಮುಂದೆ ಎಂಜಿನ್ ಇದ್ದ ಕಾರಿನ ಕೊನೆಯ ಗೆಲುವು 1960ರ ಇಟಲಿ ರೇಸಿನದು. ಗ್ಯಾರೇಜಿನ ಅಪ್ಪ ಮಗ ಹೊರಟ ದಾರಿಗೆ ಹದಿನೈದೇ ವರ್ಷದಲ್ಲಿ ಎಲ್ಲರೂ ಬಂದರು.

ನಮ್ಮ ಕಡೆ ಈ ಕಥೆಯಲ್ಲಿ ನೆನೆಯಬೇಕಾದ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್. ಹೊರಗಿನಿಂದ ರೇಸ್ ಕಾರು ತರಿಸುವುದು ಕೆಲವೇ ಶ್ರೀಮಂತರಿಗೆ ಸಾಧ್ಯವಿದ್ದ ಕಾಲದಲ್ಲಿ ಅವರು ಎಲ್ಲ ಕಡೆ ಸಿಗುವ ಮಾರುತಿ ಎಂಜಿನ್ ಇಟ್ಟುಕೊಂಡು ಒಬ್ಬರೇ ಕೂರುವ ಫಾರ್ಮುಲಾ ಮಾರುತಿ ಕಾರುಗಳನ್ನು ಇಲ್ಲಿಯೇ ಕಟ್ಟಿದರು. 2005ರಲ್ಲಿ ಫಾರ್ಮುಲಾ ಒನ್ ರೇಸಿಗೆ ಇಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ರೇಸ್ ಕಲಿತದ್ದು ಫಾರ್ಮುಲಾ ಮಾರುತಿಯಲ್ಲೇ. ಕರಿವರ್ಧನ್ 1995ರಲ್ಲಿ ಸಣ್ಣ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ಫಾರ್ಮುಲಾ ಭಾರತ್ ಸ್ಪರ್ಧೆಗೆ ನಮ್ಮ ಶೆಡ್ಡಿನಿಂದ ಹೊರಟ ಕಾರು ರೇಸಿಗೆಂದು ಮೊದಲ ಸಲ ಚಕ್ರ ಊರಿದ್ದು ಆ ನೆಲದ ಮೇಲೆ. ಅದು ನನಗೆ ಸಣ್ಣ ಮಾತಲ್ಲ.

ಬಲ ಹರಿಯುವ ದಾರಿ

ಈಗ ಪೈಪಿಗೆ ಬರೋಣ. ಹುಡುಗರು ತಂದಿದ್ದ ಕಡ್ಡಿ ದಾರದಲ್ಲಿ ಮೊದಲು ನಾಲ್ಕು ಕಡ್ಡಿಯ ಚೌಕ ಕಟ್ಟಿದರು. ಒಂದು ಮೂಲೆ ತಳ್ಳಿದರೆ ಓರೆಯಾಗಿ ಮಲಗಿಬಿಟ್ಟಿತು. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದರು. ಚೌಕ ಎರಡು ತ್ರಿಕೋನವಾಯಿತು, ಎಷ್ಟು ಒತ್ತಿದರೂ ಜಗ್ಗಲಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೇಟು ಜೋತು ಬೀಳದಿರಲಿ ಎಂದು ಓರೆ ಪಟ್ಟಿ ಹಾಕುತ್ತೇವೆ, ಚಪ್ಪರದ ಗಳುಗಳಿಗೆ ಅಡ್ಡ ಕಟ್ಟುತ್ತೇವೆ. ಗೊತ್ತಿಲ್ಲದ್ದು ಇದರ ಮುಂದಿನ ಮಾತು.

ಚೌಕದಲ್ಲಿ ತಳ್ಳುವ ಬಲವನ್ನು ತಡೆಯುವುದು ಮೂಲೆಯ ಬೆಸುಗೆ ಮತ್ತು ಪೈಪಿನ ಬಾಗದ ಗುಣ. ತ್ರಿಕೋನದಲ್ಲಿ ಪೈಪು ಬಾಗಬೇಕಾದ ಪ್ರಸಂಗವೇ ಬರುವುದಿಲ್ಲ. ಒಂದು ಪೈಪನ್ನು ಯಾರೋ ಉದ್ದಕ್ಕೆ ಎಳೆಯುತ್ತಿರುತ್ತಾರೆ, ಇನ್ನೊಂದನ್ನು ಉದ್ದಕ್ಕೆ ಒತ್ತುತ್ತಿರುತ್ತಾರೆ, ಅಷ್ಟೆ. ಪೊರಕೆ ಕಡ್ಡಿಯನ್ನು ಎರಡು ಬೆರಳಲ್ಲಿ ಬಗ್ಗಿಸಿದರೆ ಮುರಿಯುತ್ತದೆ. ಅದನ್ನೇ ಎರಡು ತುದಿ ಹಿಡಿದು ಎಳೆದು ಮುರಿಯಿರಿ ನೋಡೋಣ. ಹಗುರ ಚಾಸಿಯ ಗುಟ್ಟೆಲ್ಲ ಇಲ್ಲಿದೆ: ಯಾವ ಪೈಪೂ ಬಾಗುವ ಕೆಲಸ ಮಾಡದ ಹಾಗೆ, ಎಲ್ಲವೂ ಎಳೆಯುವ ಇಲ್ಲವೇ ಒತ್ತುವ ಕೆಲಸ ಮಾತ್ರ ಮಾಡುವ ಹಾಗೆ ಜೋಡಿಸುವುದು. ಅದಕ್ಕೊಂದು ಷರತ್ತು ಇದೆ. ಹೊರಗಿನ ಬಲ ಬಂದು ಬೀಳುವುದು ಪೈಪುಗಳು ಕೂಡುವ ಗಂಟಿನಲ್ಲೇ ಆಗಬೇಕು, ಪೈಪಿನ ನಡುವೆ ಆಗಬಾರದು.

ಈ ಷರತ್ತನ್ನು ನಾನು ಮುರಿದೆ. ಮುಂದಿನ ಬಲಗಡೆಯ ಸಸ್ಪೆನ್ಷನ್ ತೋಳಿನ ಬ್ರಾಕೆಟ್ಟು ಗಂಟಿನಲ್ಲಿ ಕೂತರೆ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಜಾಗ ಸಾಲದು ಎಂದು ನಾಲ್ಕು ಬೆರಳು ಈಚೆಗೆ, ಪೈಪಿನ ಮೈಮೇಲೆ ಬೆಸೆದೆ. ನಾಲ್ಕು ಬೆರಳಿನಿಂದ ಏನಾಗುತ್ತೆ ಎಂದುಕೊಂಡೆ. ಕಾಲೇಜು ಮೈದಾನದಲ್ಲಿ ಮೊದಲ ದಿನದ ಓಟದಲ್ಲಿ ಹುಡುಗ ಜೋರಾಗಿ ಬ್ರೇಕ್ ಒತ್ತಿದ. ಕಾರು ಬಲಕ್ಕೆ ಎಳೆಯಿತು. ನೋಡಿದರೆ ಆ ಪೈಪು ಕಣ್ಣಿಗೆ ಕಾಣುವಷ್ಟು ಒಳಕ್ಕೆ ಬಾಗಿತ್ತು. ಎಡಗಡೆ ಅದೇ ಪೈಪು, ಅದೇ ದಪ್ಪ, ಬ್ರಾಕೆಟ್ಟು ಮಾತ್ರ ಗಂಟಿನಲ್ಲಿ, ಅದಕ್ಕೆ ಏನೂ ಆಗಿರಲಿಲ್ಲ. ಹಳೆಯ ಅಭ್ಯಾಸದಂತೆ ನಾನು ಮೂರು ಮಿಲಿಮೀಟರ್ ಪಟ್ಟಿ ಹಚ್ಚಲು ಹೊರಟೆ. ಆ ಹುಡುಗಿ ತಡೆದಳು. "ಅಣ್ಣಾ, ಕಬ್ಬಿಣ ಜಾಸ್ತಿ ಮಾಡೋದು ಬೇಡ, ಬ್ರಾಕೆಟ್ ಜಾಗ ಬದಲಾಯಿಸೋಣ" ಎಂದಳು. ಪೈಪು ಕತ್ತರಿಸಿ, ಹೊಸದು ಹಾಕಿ, ಬ್ರಾಕೆಟ್ಟನ್ನು ಗಂಟಿಗೆ ತಂದು, ಸ್ಪ್ಯಾನರ್ ಬದಲು ಅಲೆನ್ ಕೀ ಹೋಗುವ ಬೋಲ್ಟ್ ಹಾಕಿದೆವು. ತೂಕ ಒಂದು ಗ್ರಾಮೂ ಏರಲಿಲ್ಲ. ಆಮೇಲೆ ಅದು ಬಾಗಲೂ ಇಲ್ಲ. ಅನುಮಾನಕ್ಕೆ ಕಬ್ಬಿಣ ಹಾಕುವ ನನ್ನ ಅಭ್ಯಾಸ ಅವತ್ತಿನಿಂದ ಅಲುಗಾಡಿದೆ.

ಗಟ್ಟಿ ಸರಳು ಬಿಟ್ಟು ಟೊಳ್ಳು ಪೈಪೇ ಏಕೆ ಎಂದು ಕೇಳಬಹುದು. 25 ಮಿ.ಮೀ. ವ್ಯಾಸ, 1.75 ಮಿ.ಮೀ. ಗೋಡೆಯ ಉಕ್ಕಿನ ಪೈಪು ಮೀಟರಿಗೆ ಸರಿಯಾಗಿ ಒಂದು ಕೆ.ಜಿ. ತೂಗುತ್ತದೆ. ಅದೇ ಒಂದು ಕೆ.ಜಿ. ಉಕ್ಕನ್ನು ಒಂದು ಮೀಟರ್ ಗಟ್ಟಿ ಸರಳು ಮಾಡಿದರೆ ವ್ಯಾಸ ಹದಿಮೂರು ಮಿಲಿಮೀಟರಿಗೂ ಕಡಿಮೆ. ಬಾಗುವುದನ್ನು ತಡೆಯುವ ಶಕ್ತಿಯಲ್ಲಿ ಪೈಪು ಆ ಸರಳಿಗಿಂತ ಆರೂವರೆ ಪಟ್ಟು ಮೇಲು. ಲೋಹ ನಡುವಿನಿಂದ ದೂರ ಇದ್ದಷ್ಟೂ ಬಾಗುವುದನ್ನು ಜೋರಾಗಿ ತಡೆಯುತ್ತದೆ. ಬಿದಿರು ಟೊಳ್ಳಾಗಿಯೇ ಗಾಳಿಗೆ ನಿಲ್ಲುವುದು ಈ ಕಾರಣಕ್ಕೆ. ಉದ್ದಕ್ಕೆ ಒತ್ತಿದಾಗ ತೆಳ್ಳನೆಯ ಕಡ್ಡಿ ಪಕ್ಕಕ್ಕೆ ಬಳುಕಿಬಿಡುತ್ತದಲ್ಲ, ಅದನ್ನೂ ಇದೇ ಗುಣ ತಡೆಯುತ್ತದೆ. ನಮ್ಮ ಚಾಸಿಗೆ ಹಿಡಿದದ್ದು ಮೂವತ್ತು ಮೀಟರ್ ಚಿಲ್ಲರೆ ಪೈಪು. ಮೂವತ್ತು ಕೆ.ಜಿ. ಚಿಲ್ಲರೆ ತೂಕದ ಒಂದು ಪಂಜರ, ಇಬ್ಬರು ಎತ್ತಿಕೊಂಡು ಹೋಗಬಹುದು.

ಅಲ್ಯೂಮಿನಿಯಂ ಹಾಕಿದರೆ ಇನ್ನೂ ಹಗುರ ಅಲ್ಲವೇ ಎಂದು ಶೆಡ್ಡಿಗೆ ಬಂದವರೆಲ್ಲ ಕೇಳುತ್ತಾರೆ. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಆದರೆ ಅದರ ಬಿಗುವೂ, ಅಂದರೆ ಎಳೆದರೂ ಒತ್ತಿದರೂ ಜಗ್ಗದ ಗುಣವೂ, ಸರಿಯಾಗಿ ಮೂರನೇ ಒಂದು ಭಾಗ. ಬರೀ ಎಳೆತ ಒತ್ತಡ ತಡೆಯುವ ಪೈಪಿಗೆ ಅದೇ ಬಿಗು ಬೇಕೆಂದರೆ ಮೂರು ಪಟ್ಟು ಲೋಹ ಹಾಕಬೇಕು, ತೂಕ ಅಲ್ಲಿಗೇ ಬಂತು. ದಪ್ಪ, ಗಾತ್ರ ಹಿಗ್ಗಿಸಲು ಜಾಗ ಇರುವ ಕಡೆ, ಉದಾಹರಣೆಗೆ ಚಕ್ರದ ನಡುವಿನ ಹಬ್ಬನ್ನು ಹಿಂದಿನಿಂದ ಹಿಡಿದಿರುವ ಅಪ್‌ರೈಟ್ ಎಂಬ ಭಾಗದಲ್ಲಿ, ಅಲ್ಯೂಮಿನಿಯಂ ನಿಜವಾಗಿ ಲಾಭ ಕೊಡುತ್ತದೆ. ಅದರ ಬೆಸುಗೆಯ ಪಕ್ಕದ ಜಾಗ ಬಿಸಿಗೆ ಮೆತ್ತಗಾಗುವುದರಿಂದ ನಮ್ಮಂಥ ಶೆಡ್ಡಿನಲ್ಲಿ ಚಾಸಿಗೆ ಅದನ್ನು ಮುಟ್ಟುವುದು ತರವಲ್ಲ.

ಬೆಸುಗೆಯ ವಿಷಯ ಬಂದಿದ್ದರಿಂದ ಕಸುಬಿನ ಎರಡು ಮಾತು ಹೇಳಿಬಿಡುತ್ತೇನೆ. ಒಂದೂಮುಕ್ಕಾಲು ಮಿಲಿಮೀಟರ್ ಗೋಡೆಗೆ ನಾವು ಟ್ರೇಲರಿಗೆ ಹಿಡಿಯುವ ಆರ್ಕ್ ರಾಡು ಹಿಡಿದರೆ ತೂತು ಬೀಳುತ್ತದೆ. ಬಿಸಿಯನ್ನು ಹದವಾಗಿ ಹಿಡಿಯಬಹುದಾದ ಟಿಗ್ ಬೆಸುಗೆ ಬೇಕು, ತಾಳ್ಮೆ ಬೇಕು. ಒಂದು ಪೈಪಿನ ತುದಿಯನ್ನು ಇನ್ನೊಂದರ ದುಂಡಿಗೆ ಸರಿಯಾಗಿ ಕೂರುವ ಹಾಗೆ ಬಾಯಿ ಕೊರೆದು, ಸಂದಿಯಲ್ಲಿ ಬೆಳಕು ಕಾಣದ ಹಾಗೆ ಕೂರಿಸಬೇಕು. ಸಂದಿ ಬಿಟ್ಟರೆ ಅದನ್ನು ತುಂಬಲು ಹೆಚ್ಚು ಬಿಸಿ, ಹೆಚ್ಚು ಬಿಸಿಯಾದರೆ ಹೆಚ್ಚು ಎಳೆತ. ಬೆಸುಗೆ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಕಡೆಯಿಂದ ಶುರು ಮಾಡಿ ಇನ್ನೊಂದು ಕಡೆಗೆ ಮುಗಿಸುತ್ತ ಹೋದರೆ ಕೊನೆಗೆ ಪಂಜರ ಬಾಳೆಹಣ್ಣಿನ ಹಾಗೆ ಸೊಟ್ಟಗಾಗಿರುತ್ತದೆ. ಮೊದಲು ಎಲ್ಲ ಗಂಟಿಗೂ ಚುಕ್ಕಿ ಟ್ಯಾಕ್ ಹಾಕಿ, ಅಳತೆ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಎಂದು ಎದುರುಬದುರು ಬೆಸೆಯಬೇಕು. ನಾನು ಲೇತ್ ಕಲಿತದ್ದು ನಮ್ಮೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರ ಕೈಕೆಳಗೆ. "ಅಳತೆ ಸುಳ್ಳು ಹೇಳಲ್ಲ, ಕಣ್ಣು ಹೇಳುತ್ತೆ" ಎನ್ನುತ್ತಿದ್ದರು. ಟ್ರೇಲರ್ ಮಾಡುವಾಗ ಮರೆತಿದ್ದ ಆ ಮಾತು ಈ ಕೆಲಸದಲ್ಲಿ ದಿನಾ ನೆನಪಾಯಿತು. ಗೇಟಿಗೆ ಬಣ್ಣ ಚೆನ್ನಾಗಿ ಕೂರಲಿ ಎಂದು ಬೆಸುಗೆಯನ್ನು ಗ್ರೈಂಡರಿನಲ್ಲಿ ನುಣ್ಣಗೆ ತೀಡುತ್ತೇವಲ್ಲ, ಇಲ್ಲಿ ಅದನ್ನು ಮಾಡಲೇಬಾರದು. ತೀಡಿದಷ್ಟೂ ಗಂಟು ಬಡವಾಗುತ್ತದೆ.

ತಿರುವಿನಲ್ಲಿ ನಡೆಯುವುದು

ದೇವರಾಯನದುರ್ಗದ ತಿರುವುಗಳಲ್ಲಿ ತಿಪಟೂರಿನ ಕೊಬ್ಬರಿ ಮೂಟೆ ಎತ್ತರಕ್ಕೆ ಪೇರಿಸಿದ ಲಾರಿಯನ್ನು ನೆನೆಸಿಕೊಳ್ಳಿ. ತಿರುವಿನ ಒಳಬದಿಯ ಚಕ್ರಗಳು ಹಗುರವಾಗಿ, ಹೊರಬದಿಯ ಚಕ್ರಗಳ ಮೇಲೆ ಭಾರವೆಲ್ಲ ಬೀಳುತ್ತದೆ. ರೇಸ್ ಕಾರಿನಲ್ಲೂ ಇದೇ ನಡೆಯುತ್ತದೆ. ಎಷ್ಟು ಭಾರ ಆಚೆಗೆ ಹೋಗುತ್ತದೆ ಎಂಬುದು ನಾಲ್ಕರ ಮೇಲೆ ನಿಂತಿದೆ: ಕಾರಿನ ತೂಕ, ತಿರುವಿನ ಬಿರುಸು, ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರ, ಎಡಬಲ ಚಕ್ರಗಳ ನಡುವೆ ಎಷ್ಟು ಅಗಲ. ನಮ್ಮ 290 ಕೆ.ಜಿ. ಕಾರಿನ ತೂಕದ ಕೇಂದ್ರ 28 ಸೆಂ.ಮೀ. ಎತ್ತರದಲ್ಲಿದೆ, ಚಕ್ರಗಳ ನಡುವೆ 120 ಸೆಂ.ಮೀ. ಇದೆ, ಗುರುತ್ವದ ಒಂದೂವರೆ ಪಟ್ಟು ಬಲದಲ್ಲಿ ತಿರುಗುತ್ತಿದೆ ಎಂದುಕೊಂಡರೆ ಸುಮಾರು ನೂರು ಕೆ.ಜಿ. ಒಳಗಿನಿಂದ ಹೊರಕ್ಕೆ ಹೋಗುತ್ತದೆ. ನಿಂತಾಗ ಎರಡು ಬದಿಗೂ 145 ಇದ್ದದ್ದು ಒಳಗೆ 45, ಹೊರಗೆ 245 ಆಗುತ್ತದೆ. ಕೇಂದ್ರ ಐದೇ ಸೆಂಟಿಮೀಟರ್ ಮೇಲಿದ್ದರೆ ಇನ್ನೂ ಹದಿನೆಂಟು ಕೆ.ಜಿ. ಹೋಗುತ್ತಿತ್ತು.

ಹೋದರೆ ಏನು ನಷ್ಟ? ಒಟ್ಟು ಭಾರ ಅಷ್ಟೇ ಇದೆಯಲ್ಲ? ನಷ್ಟ ಟಯರಿನ ಸ್ವಭಾವದಲ್ಲಿದೆ. ಟಯರಿನ ಮೇಲಿನ ಭಾರ ಎರಡರಷ್ಟಾದರೆ ಅದರ ಹಿಡಿತ ಎರಡರಷ್ಟಾಗುವುದಿಲ್ಲ, ಎರಡರಷ್ಟಕ್ಕಿಂತ ಸ್ವಲ್ಪ ಕಡಿಮೆಯೇ ಏರುತ್ತದೆ. ಇಬ್ಬರು ಹಂಚಿಕೊಂಡು ಹೊರುವ ಮೂಟೆಯನ್ನು ಒಬ್ಬರ ಬೆನ್ನಿಗೇ ಹೇರಿದ ಹಾಗೆ. ಆದ್ದರಿಂದ ಹಗುರ ಮಾಡುವುದರ ಜೊತೆಗೆ ತಗ್ಗಿಸುವುದೂ ಮುಖ್ಯ. ಒಂದು ಬ್ಯಾಟರಿಯನ್ನು ಮೇಲಿನ ಪೈಪಿನಿಂದ ಕೆಳಗಿನ ಪೈಪಿಗೆ ಇಳಿಸುವುದು, ಅದೇ ಬ್ಯಾಟರಿಯಲ್ಲಿ ಅರ್ಧ ಕೆ.ಜಿ. ಉಳಿಸುವುದಕ್ಕಿಂತ ಕೆಲವು ಸಲ ಹೆಚ್ಚಿನ ಕೆಲಸ.

ಚಕ್ರ, ಟಯರು, ಹಬ್ಬು, ಡಿಸ್ಕು ಇವುಗಳ ಲೆಕ್ಕ ಬೇರೆ. ಇವು ಸ್ಪ್ರಿಂಗಿನ ಕೆಳಗಿರುವ ತೂಕ. ನೆಲದ ಉಬ್ಬುತಗ್ಗಿಗೆ ಚಕ್ರ ಮೇಲೆ ಹಾರಿದಾಗ ಅದನ್ನು ಬೇಗ ನೆಲಕ್ಕೆ ತರಬೇಕಾದದ್ದು ಸ್ಪ್ರಿಂಗು. ಚಕ್ರ ಭಾರವಾದಷ್ಟೂ ತಡ, ತಡವಾದಷ್ಟು ಹೊತ್ತು ಟಯರಿಗೆ ಹಿಡಿತವಿಲ್ಲ. ಅದಕ್ಕೇ ಇಲ್ಲಿ ಇಳಿಸಿದ ಒಂದು ಕೆ.ಜಿ.ಗೆ ಬೆಲೆ ಜಾಸ್ತಿ.

ಇಳಿಸಬಾರದ ತೂಕ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಹೇಳದೆ ಬಿಡುವ ಹಾಗಿಲ್ಲ. ಹುಡುಗರಿಗೆ ಹಗುರದ ಹುಚ್ಚು ಹತ್ತಿದಾಗ ಎಲ್ಲದಕ್ಕೂ ತೂತು ಕೊರೆಯಲು ನಿಲ್ಲುತ್ತಾರೆ. ಕೆಲವು ಕಡೆ ಡ್ರಿಲ್ಲು ಕಸಿದುಕೊಳ್ಳಬೇಕು. ತಲೆಯ ಹಿಂದೆ ಮೇಲೆದ್ದು ನಿಲ್ಲುವ ಕಮಾನು, ಕಾರು ಮಗುಚಿದರೆ ತಲೆ ನೆಲಕ್ಕೆ ತಾಗದಂತೆ ಕಾಯುವುದು ಅದು. ಅದಕ್ಕೆ ಗೋಡೆಯ ದಪ್ಪ ಎರಡೂವರೆ ಮಿಲಿಮೀಟರ್, ಮೀಟರಿಗೆ ಹತ್ತಿರಹತ್ತಿರ 1.4 ಕೆ.ಜಿ. ಅಲ್ಲಿ ಒಂದು ಗ್ರಾಮನ್ನೂ ಮುಟ್ಟಬಾರದು.

ಮೂತಿಯಲ್ಲಿ ಕೂರಿಸುವ ಪೆಟ್ಟು ತಿನ್ನುವ ಪೆಟ್ಟಿಗೆ ಇನ್ನೊಂದು. ನಿಯಮ ಹೇಳುವುದು ಹೀಗೆ: 300 ಕೆ.ಜಿ. ಕಾರು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದರೆ ಆ ಪೆಟ್ಟಿಗೆ ಜಜ್ಜಿಹೋಗುತ್ತ ಗುದ್ದನ್ನು ಕುಡಿಯಬೇಕು, ವೇಗ ಇಳಿಯುವ ಬಿರುಸು ಸರಾಸರಿಯಲ್ಲಿ ಗುರುತ್ವದ ಇಪ್ಪತ್ತು ಪಟ್ಟು ಮೀರಬಾರದು. ಲೆಕ್ಕ ಹಾಕಿದರೆ ನಿಲ್ಲಲು ಹನ್ನೆರಡೂವರೆ ಸೆಂಟಿಮೀಟರ್ ಆದರೂ ಬೇಕು. ಕಟ್ಟೆಯ ಮೇಲಿಂದ ಕಲ್ಲುಚಪ್ಪಡಿಗೆ ಹಾರುವುದಕ್ಕೂ ಹುಲ್ಲಿನ ಬಣವೆಗೆ ಹಾರುವುದಕ್ಕೂ ಇರುವ ವ್ಯತ್ಯಾಸವೇ ಇದು. ಇಲ್ಲಿ ಗಟ್ಟಿತನ ಬೇಕಾಗಿಲ್ಲ, ಹದವಾಗಿ ಜಜ್ಜಿಹೋಗುವ ಗುಣ ಬೇಕು. ಟ್ರೇಲರಿನವನ ಕೈಗೆ ಇದನ್ನು ಒಪ್ಪಿಸಲು ತುಂಬ ದಿನ ಹಿಡಿಯಿತು.

ಬೋಲ್ಟಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿರಬೇಕು. ಮೊದಲ ಎಂಟು ಎಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ತುಂಡಾಗುತ್ತದೆ ಎಂದು, ಚುಕ್ಕಿಯ ನಂತರದ ಎಂಟು ಎಂದರೆ ಅದರ ನೂರಕ್ಕೆ ಎಂಬತ್ತರಷ್ಟು ಬಲದವರೆಗೆ ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೆ ವಾಪಸು ಬರುತ್ತದೆ ಎಂದು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬೆರೆತಿರುವ, ತಲೆಯ ಮೇಲೆ ಏನೂ ಬರೆಯದ ಬೋಲ್ಟು ಎಷ್ಟೇ ಹೊಳೆದರೂ ಸ್ಟಿಯರಿಂಗಿಗೋ ಬ್ರೇಕ್ ಪೆಡಲಿಗೋ ಹಾಕಿದರೆ ಅದು ಪಾಪದ ಕೆಲಸ. ನಟ್ಟು ಅದುರಿಗೆ ಬಿಚ್ಚದ ಹಾಗೆ ನೈಲಾನ್ ಉಂಗುರ ಇರುವುದನ್ನೇ ಹಾಕಬೇಕು.

ಸ್ಪರ್ಧೆಯಲ್ಲಿ ಓಡಿಸಲು ಬಿಡುವ ಮುನ್ನ ಇದನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತಾರೆ. ಕಾರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಚಾಲಕರನ್ನು ಕೂರಿಸಿ, 60 ಡಿಗ್ರಿ ಓರೆ ಮಾಡುತ್ತಾರೆ. ಮಗುಚಬಾರದು, ಎಣ್ಣೆ ಪೆಟ್ರೋಲು ಸೋರಬಾರದು. ಬೆಲ್ಟು ಬಿಗಿದು ಕೂತವರು ಐದು ಸೆಕೆಂಡಿನೊಳಗೆ ಹೊರಗೆ ಬಂದು ನಿಲ್ಲಬೇಕು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಕಟ್ಟಿಹೋಗಬೇಕು. ಈ ಪರೀಕ್ಷೆಗಳಲ್ಲಿ ನಿಂತು ನೋಡುವಾಗ ನನ್ನ ಎದೆ ಬಡಿದುಕೊಂಡಷ್ಟು ರೇಸಿನಲ್ಲಿ ಬಡಿದುಕೊಳ್ಳಲಿಲ್ಲ.

ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಆ ಕಡೆ ಹೋಗುವಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಅಲ್ಲಿ ಕಟ್ಟುವವರೂ ಪ್ರತಿ ತುಂಡು ಲೋಹಕ್ಕೆ ಇದೇ ಪ್ರಶ್ನೆ ಹಾಕುತ್ತಿರುತ್ತಾರೆ: ನೀನು ಯಾವ ಬಲ ಹೊರುತ್ತಿದ್ದೀಯ, ಎಲ್ಲಿಂದ ಎಲ್ಲಿಗೆ?

ಕೊಬ್ಬರಿ ಮಂಡಿಯ ತಕ್ಕಡಿ

ಕೊಯಮತ್ತೂರಿಗೆ ಹೊರಡುವ ಹಿಂದಿನ ರಾತ್ರಿ ಉಳಿದಿದ್ದು ಒಂದೇ ಕೆಲಸ. ನಾಲ್ಕು ಚಕ್ರದ ಮೇಲೂ ಎಷ್ಟೆಷ್ಟು ಭಾರ ಕೂತಿದೆ ಎಂದು ಅಳೆಯುವುದು. ಅದಕ್ಕೆಂದೇ ಬರುವ ತಕ್ಕಡಿಗಳು ನಮ್ಮ ಕೈಗೆಟುಕುವುದಿಲ್ಲ. ಪರಿಚಯದ ಕೊಬ್ಬರಿ ಮಂಡಿಯವರ ಹತ್ತಿರ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿ ಕೇಳಿ ತಂದೆವು. ಬೆಳಿಗ್ಗೆ ಮಂಡಿ ತೆರೆಯುವ ಹೊತ್ತಿಗೆ ವಾಪಸು ಕೊಡಬೇಕು ಎಂಬ ಮಾತಿನ ಮೇಲೆ. ಶೆಡ್ಡಿನ ನೆಲ ಸಮ ಇಲ್ಲ. ನೀರಿನ ಪೈಪಿನ ಮಟ್ಟ ಹಿಡಿದು, ತಕ್ಕಡಿಗಳ ಕೆಳಗೆ ತಗಡು ಕೊಟ್ಟು ಸಮ ಮಾಡುವುದಕ್ಕೇ ಎರಡು ಗಂಟೆ ಹೋಯಿತು.

ಓಡಿಸುವ ಹುಡುಗ ಹೆಲ್ಮೆಟ್ ಹಾಕಿ ಕೂತ. ಮುಂದೆ ಎಡಕ್ಕೆ 72, ಬಲಕ್ಕೆ 58. ಹಿಂದೆ ಎಡಕ್ಕೆ 74, ಬಲಕ್ಕೆ 88. ಒಟ್ಟು 292. ಎಡಬದಿಯ ಎರಡು ಸೇರಿಸಿದರೆ 146, ಬಲಬದಿಯದೂ 146. ಸರಿಯಾಗಿದೆ ಎಂದು ನಾನು ಎದ್ದೆ. ಹುಡುಗಿ ಕರೆದು ಕೂರಿಸಿ, ಮೂಲೆಯಿಂದ ಮೂಲೆಗೆ ಕೂಡಿ ತೋರಿಸಿದಳು. ಮುಂದಿನ ಎಡ, ಹಿಂದಿನ ಬಲ ಸೇರಿದರೆ 160. ಮುಂದಿನ ಬಲ, ಹಿಂದಿನ ಎಡ ಸೇರಿದರೆ 132. ಕುಂಟುವ ಮಂಚದ ಹಾಗೆ ಕಾರು ಒಂದು ಓರೆಯ ಮೇಲೆ ನಿಂತಿತ್ತು. ಇದು ಹೀಗೇ ಹೋದರೆ ಎಡಕ್ಕೆ ತಿರುಗುವಾಗ ಒಂದು ಥರ, ಬಲಕ್ಕೆ ತಿರುಗುವಾಗ ಇನ್ನೊಂದು ಥರ ನಡೆದುಕೊಳ್ಳುತ್ತದೆ, ಓಡಿಸುವವನಿಗೆ ಕಾರಿನ ಮೇಲೆ ನಂಬಿಕೆ ಬರುವುದಿಲ್ಲ.

ಸ್ಪ್ರಿಂಗಿಗೆ ಬಲ ಮುಟ್ಟಿಸುವ ಪುಷ್‌ರಾಡುಗಳ ಎರಡು ತುದಿಯಲ್ಲೂ ಬೋಲ್ಟಿಗಿರುವಂಥ ತಿರುಪಿನ ಮರೆ ಇರುತ್ತದೆ. ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆ ಆಗಿ ಆ ಮೂಲೆ ಏರುತ್ತದೆ, ಇಳಿಯುತ್ತದೆ. ಮುಂದಿನ ಬಲಗಡೆ ಅರ್ಧ ಸುತ್ತು ಉದ್ದ ಮಾಡಿದರೆ ಅಲ್ಲಿನ ಭಾರವೂ ಅದರ ಎದುರು ಮೂಲೆಯ ಭಾರವೂ ಏರುತ್ತದೆ, ಉಳಿದೆರಡು ಇಳಿಯುತ್ತವೆ. ಅರ್ಧ ಸುತ್ತು, ಕಾರನ್ನು ಒಮ್ಮೆ ಅದುಮಿ ಬಿಡುವುದು, ಓದುವುದು. ಮತ್ತೆ ಅರ್ಧ ಸುತ್ತು, ಅದುಮುವುದು, ಓದುವುದು. ಹುಡುಗ ಕೂತಲ್ಲೇ ತೂಕಡಿಸತೊಡಗಿದ. ನಿದ್ದೆಗೆ ತಲೆ ವಾಲಿದರೆ ಅಂಕಿ ಬದಲಾಗುತ್ತದೆ ಎಂದು ಅವನ ಗೆಳೆಯ ಪಕ್ಕದಲ್ಲಿ ನಿಂತು ಮಾತಾಡಿಸುತ್ತಲೇ ಇದ್ದ.

ಮೂರು ಗಂಟೆ ದಾಟಿದ ಮೇಲೆ ಅಂಕಿ ನಿಂತವು. ಮುಂದೆ 66, 64. ಹಿಂದೆ 80, 82. ಮೂಲೆಯಿಂದ ಮೂಲೆಗೆ 148 ಮತ್ತು 144. ಇನ್ನೂ ಸರಿ ಮಾಡಬಹುದಿತ್ತು. ಮಂಡಿಯವರ ತಕ್ಕಡಿ ಒಂದು ಕೆ.ಜಿ.ಗಿಂತ ಸೂಕ್ಷ್ಮವಾಗಿ ತೋರಿಸುತ್ತಿರಲಿಲ್ಲ, ಅದರ ಮೇಲೆ ಅಷ್ಟಕ್ಕಿಂತ ಹೆಚ್ಚು ಕೇಳುವುದೂ ನ್ಯಾಯವಲ್ಲ. ಲಾಕ್ ನಟ್ಟು ಬಿಗಿದು, ಪ್ರತಿ ಬೋಲ್ಟಿಗೂ ಹಳದಿ ಬಣ್ಣದ ಗೆರೆ ಎಳೆದು, ಕಾರನ್ನು ಟೆಂಪೊಗೆ ಏರಿಸಿದೆವು. ಕೈ ಹಾಕಲು ಆರು ಜನ ಸಾಕಾದರು. ಆಮೇಲೆ ತಕ್ಕಡಿಗಳ ಮೇಲಿನ ಟಯರ್ ಗುರುತು ಒರೆಸಿ, ಆರು ಗಂಟೆಗೆ ಮಂಡಿಗೆ ಮುಟ್ಟಿಸಿ ಬಂದೆ.